ಆಟದ ಸಂಗೀತಕ್ಕೆ ಅಂಕ ಕೊಟ್ಟ ರವಿವಾರ

ಪ್ರತಿ ಡಿಸೆಂಬರ್‌ನಲ್ಲಿ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆಂದು ನನ್ನ ಸೋದರಮಾವ ಧಾರವಾಡದಿಂದ ಪುಣೆಗೆ ಬರುತ್ತಾರೆ ಮತ್ತು ಕೋಥ್ರೂಡಿನ ನಮ್ಮ ಮನೆಯಲ್ಲಿ ಉಳಿದುಕೊಳ್ಳುತ್ತಾರೆ. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗಾಗಿ ಗಾಯಕ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಈ ಹಿಂದೂಸ್ತಾನಿ ಸಂಗೀತೋತ್ಸವ ಪುಣೆಯ ಕನ್ನಡಿಗರಿಗೆ ತವರಿನ ಜಾತ್ರೆಯಂತೆಯೇ ಆಪ್ತವಾದುದು. ಕಳೆದ ಸಲ ಉತ್ಸವ ಮುಗಿದ ಮೇಲೂ ಮಾವ ಒಂದು ವಾರ ಉಳಿದಿದ್ದರು. ಆ ರವಿವಾರ ನಮ್ಮ ಮನೆಯಲ್ಲಿ ಬೇರೊಂದು ಬೈಠಕ್ ಮೊದಲೇ ನಿಶ್ಚಯವಾಗಿತ್ತು. ಇಲ್ಲಿಯೇ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗಳು, ಕಚೇರಿಯ ನನ್ನ ಮಂಗಳೂರಿನ ಗೆಳೆಯ, ನನ್ನ ಹೆಂಡತಿ ಮತ್ತು ನಾನು ತಂತಮ್ಮ ಮೆಚ್ಚಿನ ವಿಡಿಯೋ ಗೇಮ್ ಸಂಗೀತವನ್ನು ಒಬ್ಬರಿಗೊಬ್ಬರು ಕೇಳಿಸಿ, ಹತ್ತಕ್ಕೆ ಇಷ್ಟೆಂದು ಚೀಟಿಯಲ್ಲಿ ಅಂಕ ಬರೆದು, ಕಾರಣ ಹೇಳುವುದೆಂದು ಗೊತ್ತುಮಾಡಿಕೊಂಡಿದ್ದೆವು. ಅಂಕ ಬರೆಯುವ ತನಕ ಆಟದ ಹೆಸರನ್ನು ಹೇಳಬಾರದೆಂಬುದು ನಿಯಮ. ಜೀವನದಲ್ಲಿ ಒಂದು ವಿಡಿಯೋ ಗೇಮನ್ನೂ ಆಡಿರದ ಮಾವ ತಾವೂ ಒಂದು ಚೀಟಿಯ ಕಟ್ಟು ಕೇಳಿ ಪಡೆದು ಕುಳಿತರು.

ಮೊದಲ ಸರದಿ ನನ್ನದಾಗಿತ್ತು. ನಾನು ಆರಿಸಿದ್ದು 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಮೊದಲ ಹಂತದ ಸಂಗೀತ. ಜಪಾನಿನ ಕೋಜಿ ಕೊಂಡೋ ಇದನ್ನು ರಚಿಸಿದಾಗ ಅವರ ಕೈಗೆ ಸಿಕ್ಕಿದ್ದು ಕೇವಲ ಐದು ಧ್ವನಿಗಳ ಒಂದು ಚಿಪ್: ಸ್ವರ ನುಡಿಸುವುದಕ್ಕೆ ಎರಡು, ತಗ್ಗಿನ ಸ್ವರಗಳಿಗೆ ಒಂದು, ತಾಳಕ್ಕೆಂದು ಬಳಸುವ ಬರಿಯ ಸದ್ದಿನದೊಂದು, ಧ್ವನಿಮುದ್ರಿಸಿದ ತುಣುಕುಗಳಿಗೆ ಇನ್ನೊಂದು. ತಗ್ಗಿನ ಸ್ವರದ ಧ್ವನಿಗಂತೂ ಏರಿಳಿತದ ಸೌಲಭ್ಯವೂ ಇಲ್ಲ; ಅದು ನುಡಿಯುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಸಾಲದ್ದಕ್ಕೆ ಆಟಗಾರ ಜಿಗಿದಾಗ, ನಾಣ್ಯ ಹಿಡಿದಾಗ ಆಗುವ ಸಪ್ಪಳವೂ ಇದೇ ಧ್ವನಿಗಳಲ್ಲಿ ಒಂದನ್ನು ಕ್ಷಣಕಾಲ ಕಸಿದುಕೊಳ್ಳುತ್ತದೆ. ಅಂದರೆ ನಡುನಡುವೆ ಒಬ್ಬ ವಾದ್ಯಗಾರ ಎದ್ದುಹೋದರೂ ಕುಂದದಂಥ ರಚನೆಯನ್ನು ಅವರು ಮಾಡಬೇಕಾಗಿತ್ತು. ಹೊತ್ತು ಮುಗಿಯುತ್ತ ಬಂದಾಗ ಅದೇ ಸಂಗೀತ ವೇಗ ಹೆಚ್ಚಿಸಿಕೊಂಡು ಆಡುವವನ ಕೈಯನ್ನೂ ಅವಸರಿಸುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ 2023ರಲ್ಲಿ ಇದನ್ನು ಸೇರಿಸಿತು. ಆ ಪಟ್ಟಿಗೆ ಸೇರಿದ ಮೊದಲ ಗೇಮ್ ಸಂಗೀತ ಇದೇ.

ನಾನು ಹತ್ತು ಕೊಟ್ಟಿದ್ದೆ. ಮಾವನ ಚೀಟಿಯಲ್ಲಿ ಎಂಟು ಇತ್ತು, ಮತ್ತು ಅವರು ಹೇಳಿದ ಕಾರಣ ಆ ಇಡೀ ದಿನದ ಮಾತುಕತೆಗೆ ದಾರಿ ಹಾಕಿತು. "ಇದು ಎಲ್ಲಿ ಮುಗೀತದ, ಎಲ್ಲಿ ಮತ್ತ ಶುರು ಆಗ್ತದ, ಗೊತ್ತs ಆಗ್ವಲ್ದು ನೋಡು. ಮುಖಡಾ ಚಲೋ ಕಟ್ಯಾನ," ಎಂದರು. ಖಯಾಲ್ ಎಂಬ ಹಿಂದೂಸ್ತಾನಿ ಗಾಯನ ಕೇಳಿ ಬೆಳೆದವರಿಗೆ ಪುನರಾವೃತ್ತಿ ಒಂದು ದೋಷವಲ್ಲ. ತಾಳದ ಪ್ರತಿ ಸುತ್ತಿನಲ್ಲೂ ಅದೇ ಮುಖಡಾ, ಅಂದರೆ ಹಾಡಿನ ಮೊದಲ ತುಣುಕನ್ನು ಹಿಡಿದು, ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬರುವುದನ್ನು ಅವರು ಆನಂದದಿಂದ ಕಾಯುತ್ತಾರೆ. ಗೇಮ್ ಸಂಗೀತದ ಮೇಲಿನ ಸಾಮಾನ್ಯ ಆಕ್ಷೇಪವೆಂದರೆ ಅದು ಒಂದೆರಡು ನಿಮಿಷದ ತುಣುಕು ಮತ್ತೆ ಮತ್ತೆ ಸುತ್ತುತ್ತದೆ ಎಂಬುದು. ಆದರೆ ಆಟಗಾರ ಒಂದು ಹಂತದಲ್ಲಿ ಎಷ್ಟು ಹೊತ್ತು ಇರುತ್ತಾನೆ ಎಂಬುದು ರಚಿಸುವವನಿಗೆ ತಿಳಿದಿರುವುದೇ ಇಲ್ಲ. ಆದ್ದರಿಂದ ಆರಂಭಕ್ಕಿಂತ, ಕೊನೆಗಿಂತ, ಕೊನೆಯಿಂದ ಆರಂಭಕ್ಕೆ ಮರಳುವ ಆ ಬೆಸುಗೆಯಲ್ಲೇ ಅವನ ಕಸುಬು ಕಾಣುತ್ತದೆ. ಇದನ್ನು ನಾನು ಮೊದಲಿನಿಂದಲೂ ಅನುಭವಿಸಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ.

ಗೆಳೆಯ ಕೇಳಿಸಿದ್ದು 2005ರ ಸಿವಿಲೈಜೇಷನ್ 4 ಆಟಕ್ಕೆ ಕ್ರಿಸ್ಟಫರ್ ಟಿನ್ ರಚಿಸಿದ 'ಬಾಬಾ ಯೇತು'. ಕ್ರೈಸ್ತರ ಪ್ರಾರ್ಥನೆಯನ್ನು ಸ್ವಾಹಿಲಿ ಭಾಷೆಯಲ್ಲಿ ಹಾಡುವ ಈ ಸಮೂಹಗಾನಕ್ಕೆ 2011ರಲ್ಲಿ ಗ್ರ್ಯಾಮಿ ದೊರೆಯಿತು. ಆಟವೊಂದಕ್ಕಾಗಿ ಹುಟ್ಟಿದ ರಚನೆಗೆ ಆ ಗೌರವ ಬಂದದ್ದು ಅದೇ ಮೊದಲು. ಉಳಿದವರೆಲ್ಲರ ಚೀಟಿಗಳಲ್ಲೂ ಒಂಬತ್ತು, ಹತ್ತು. ನಾನು ಎಂಟು ಕೊಟ್ಟೆ ಮತ್ತು ಈಗಲೂ ಅದಕ್ಕೆ ಬದ್ಧನಾಗಿದ್ದೇನೆ. ಅದು ಭವ್ಯವಾದ ಹಾಡು, ನಿಜ. ಆದರೆ ಆಟ ಆರಂಭವಾಗುವ ಮೊದಲು, ಮೆನುವಿನ ಮುಂದೆ ನಾವು ಸುಮ್ಮನೆ ಕುಳಿತಾಗ ಅದು ಕೇಳಿಸುತ್ತದೆ. ಆಡುವವನ ಜೊತೆಗೆ ನಡೆಯುವ ಹೊಣೆ ಅದಕ್ಕಿಲ್ಲ.

ದೊಡ್ಡ ಜಗಳ ಹುಟ್ಟಿದ್ದು ಸೊಸೆಯ, ಅಂದರೆ ಅಕ್ಕನ ಮಗಳ, ಆಯ್ಕೆಯಿಂದ. ಅವಳು 1997ರ ಫೈನಲ್ ಫ್ಯಾಂಟಸಿ 7ರ ಕೊನೆಯ ಕಾಳಗದ ಸಂಗೀತವನ್ನು ಹಾಕಿದಳು. ನೊಬುವೋ ಉಯೆಮಾತ್ಸು ಲ್ಯಾಟಿನ್ ಪದಗಳ ಸಮೂಹಗಾನವನ್ನು ತಂದು, ಮೊದಲ ಹೊಡೆತದಿಂದಲೇ ಅಬ್ಬರಿಸುವಂತೆ ಕಟ್ಟಿದ ರಚನೆ ಅದು. ಮಾವ ಅದಕ್ಕೆ ಐದೇ ಅಂಕ ಕೊಟ್ಟರು.

"ಏನವ್ವಾ ತಂಗಿ, ಶುರುವಿಗೇ ದ್ರುತ್ ಹಿಡದ್ರ ಮುಂದ ಎಲ್ಲಿಗೆ ಹೋಗೂದು?" ಎಂದು ಕೇಳಿದರು. ದ್ರುತ್ ಎಂದರೆ ಖಯಾಲಿನಲ್ಲಿ ನಿಧಾನಗತಿಯ ವಿಲಂಬಿತ್ ಆದ ಮೇಲೆ ಬರುವ ವೇಗದ ಭಾಗ.

ಅವಳು ತಡಮಾಡದೆ ಉತ್ತರ ಕೊಟ್ಟಳು: "ಅಜ್ಜಾ, ಇದು ಬರೂದರಾಗ ನಾವು ಎಷ್ಟೋ ದಿನ, ಎಷ್ಟೋ ತಾಸು ಆಡಿರ್ತೀವಿ. ಅದೆಲ್ಲಾ ವಿಲಂಬಿತ್ ಅಂತ ತಿಳ್ಕೋರಿ. ನೀವು ಬರೇ ಕೊನೀ ಹತ್ತು ನಿಮಿಷಕ್ಕ ಬಂದು ಕೂತೀರಿ."

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, ಹಾಗಿದ್ದರೆ ಬರಿಯ ಕಿವಿಯಿಂದ ಕೊಟ್ಟ ಅಂಕ ಅರ್ಧ ಮಾತ್ರ ಸರಿ, ಆಟವನ್ನು ನೋಡಿ ಇನ್ನೊಮ್ಮೆ ಕೊಡಬೇಕಾಗುತ್ತದೆ ಎಂದು ತಾವೇ ಸೂಚಿಸಿದರು. ಊಟವಾದ ಮೇಲೆ ಪ್ರತಿ ಚೀಟಿಯಲ್ಲೂ ಎರಡು ಅಂಕಣ ಮಾಡಿದೆವು: ಒಂದು ಕೇಳಿ ಕೊಟ್ಟದ್ದು, ಇನ್ನೊಂದು ಆಡಿ ಅಥವಾ ಆಡುವುದನ್ನು ನೋಡಿ ಕೊಟ್ಟದ್ದು.

ಈ ಎರಡನೆಯ ಅಂಕಣದ ಮಹತ್ವ ನನಗೆ ಪೂರ್ತಿ ಮನವರಿಕೆಯಾದದ್ದು 1994ರ ಡಾಂಕಿ ಕಾಂಗ್ ಕಂಟ್ರಿ ಆಟದ ನೀರೊಳಗಿನ ಹಂತದಿಂದ. ಇಂಗ್ಲೆಂಡಿನ ಡೇವಿಡ್ ವೈಸ್ ರಚಿಸಿದ ಆ ಸಂಗೀತವನ್ನು ಬೆಳಿಗ್ಗೆ ಕೇಳಿಸಿದಾಗ ಮಾವ ಆರು ಕೊಟ್ಟಿದ್ದರು; ಚೆಂದವಿದೆ, ಆದರೆ ಎಲ್ಲಿಗೂ ಹೋಗುವುದಿಲ್ಲ ಎಂದಿದ್ದರು. ಮಧ್ಯಾಹ್ನ ಸೊಸೆ ಅದನ್ನು ಆಡಿ ತೋರಿಸಿದಳು. ನೀರಿನಲ್ಲಿ ಆಟದ ನಾಯಕನಾದ ಕೋತಿಗೆ ಕೈಯಲ್ಲಿ ಏನೂ ಸಾಧನವಿಲ್ಲ, ಶತ್ರುಗಳನ್ನು ತುಳಿಯುವಂತಿಲ್ಲ. ಮೀನುಗಳ ನಡುವಿನ ಸಂದಿಗಳಲ್ಲಿ ತಾಳ್ಮೆಯಿಂದ ತೇಲಿ ಸಾಗಬೇಕು. ಅವಸರಪಟ್ಟರೆ ಸಾವು. ಹಿಂದಿನ ಹಂತಗಳ ಓಟಕ್ಕೆ ಒಗ್ಗಿದ ಬೆರಳುಗಳನ್ನು ಆ ಸಂಗೀತವೇ ನಿಧಾನಕ್ಕೆ ತರುತ್ತದೆ. ಅದು ಎಲ್ಲಿಗೂ ಹೋಗದಿರುವುದೇ ಅಲ್ಲಿ ಬೇಕಾದದ್ದು. ಧ್ವನಿಗೆಂದು ಆ ಆಟದ ಯಂತ್ರದಲ್ಲಿ ಇದ್ದ ಮೆಮೊರಿ ಬರೀ 64 ಕಿಲೋಬೈಟ್, ಏಕಕಾಲಕ್ಕೆ ನುಡಿಯಬಹುದಾದ ಧ್ವನಿಗಳು ಎಂಟು. ಅಷ್ಟರಲ್ಲಿಯೇ ಸಣ್ಣ ಸಣ್ಣ ತುಣುಕುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನೀರಿನ ಆಳದ ಅನುಭವ ಕೊಟ್ಟ ಆ ರಚನೆಗೆ ಮಾವ ಎರಡನೆಯ ಅಂಕಣದಲ್ಲಿ ಒಂಬತ್ತೂವರೆ ಬರೆದರು. ನನ್ನ ಅಂಕ ಎರಡೂ ಕಡೆ ಹತ್ತೇ ಆಗಿತ್ತು.

ಹೆಂಡತಿ ಆರಿಸಿದ್ದು 2012ರ ಜರ್ನಿ. ಒಂದೇ ಕೂತಿನಲ್ಲಿ ಮುಗಿಸಬಹುದಾದ, ಮಾತಿಲ್ಲದ ಈ ಮರಳುಗಾಡಿನ ಪಯಣಕ್ಕೆ ಆಸ್ಟಿನ್ ವಿಂಟರಿ ಚೆಲ್ಲೋ ಎಂಬ ತಂತಿವಾದ್ಯ ಮುಖ್ಯವಾದ ಸಂಗೀತ ಕೊಟ್ಟಿದ್ದಾರೆ. ಆಟಗಾರ ನಿಂತರೆ ಅದೂ ಕಾಯುತ್ತದೆ, ಬೆಟ್ಟ ಹತ್ತಿದರೆ ಅದೂ ಹಿಂದೆಯೇ ಏರುತ್ತದೆ. ಒಳ್ಳೆಯ ಸಾಥಿ (ಪಕ್ಕವಾದ್ಯದವ) ಮುಂದೆ ಓಡುವುದಿಲ್ಲ ಎಂದು ಮಾವ ಹೇಳಿದ ಮಾತು ಇದಕ್ಕೆ ಪೂರ್ತಿಯಾಗಿ ಒಪ್ಪುತ್ತದೆ. ಆಗ ಗೆಳೆಯ, ಈ ಗುಣ ಹೊಸತಲ್ಲವೆಂದು 1978ರ ಸ್ಪೇಸ್ ಇನ್‌ವೇಡರ್ಸ್ ಆಟವನ್ನು ನೆನಪಿಸಿದ. ಅಲ್ಲಿರುವುದು ಇಳಿಯುವ ನಾಲ್ಕೇ ಸ್ವರ. ಶತ್ರುಗಳ ಸಂಖ್ಯೆ ಕಡಿಮೆಯಾದಂತೆ ಅವರ ನಡೆ ಚುರುಕಾಗುತ್ತದೆ, ಆ ಸ್ವರಗಳೂ ಚುರುಕಾಗುತ್ತವೆ, ಆಡುವವನ ಎದೆಬಡಿತವೂ ಜೊತೆಗೂಡುತ್ತದೆ. ಅದಕ್ಕೆ ಕೇಳಿದಾಗಿನ ಅಂಕಣದಲ್ಲಿ ಸರಾಸರಿ ಮೂರು, ಆಡಿದಾಗಿನ ಅಂಕಣದಲ್ಲಿ ಎಂಟು ಬಂದಿತು. ನನ್ನ ದೃಷ್ಟಿಯಲ್ಲಿ ಆ ದಿನದ ಎಲ್ಲ ಚೀಟಿಗಳಲ್ಲಿ ಅತ್ಯಂತ ಅರ್ಥಪೂರ್ಣವಾದವು ಈ ಎರಡು ಅಂಕಿಗಳೇ.

ಸಂಜೆಯ ಚಹಾದ ಹೊತ್ತಿಗೆ ಸೊಸೆ ತನ್ನ ಕೊನೆಯ ಆಯ್ಕೆಯನ್ನು ಹಾಕಿದಳು. ಭಾರತೀಯ ವಾದ್ಯಗಳ ಬಣ್ಣವನ್ನು ಕೇಳಿದೊಡನೆ ಮಾವ ನೆಟ್ಟಗೆ ಕುಳಿತರು. ಅದು 2020ರಲ್ಲಿ ಬಂದ ರಾಜಿ ಎಂಬ ಆಟ. ಅಪಹರಣಗೊಂಡ ತಮ್ಮನನ್ನು ಹುಡುಕಿ ಹೊರಡುವ ಹುಡುಗಿಯ ಕತೆ. ಅದನ್ನು ರೂಪಿಸಿದ ನಾಡಿಂಗ್ ಹೆಡ್ಸ್ ಗೇಮ್ಸ್ ಇದೇ ಪುಣೆಯ ಸಂಸ್ಥೆ, ಸಂಗೀತ ಕೊಟ್ಟವರು ಗ್ರೀಸ್ ದೇಶದ ಲೀನೋಸ್ ಟ್ಜೆಲೋಸ್ ಎಂದು ತಿಳಿದಾಗ ಮಾವನಿಗೆ ಆದ ಸಂತೋಷ ನಮಗೆಲ್ಲರಿಗೂ ಹಬ್ಬಿತು. ಅವರು ಏಳು ಬರೆದರು, ನಾನು ಎಂಟು. ಆದರೆ ನಮ್ಮಲ್ಲಿ ಯಾರೂ ಆ ಆಟವನ್ನು ಕೊನೆಯವರೆಗೆ ಆಡಿರಲಿಲ್ಲ. ಹಾಗಾಗಿ ಎಲ್ಲರೂ ಒಪ್ಪಿ ಅದರ ಎರಡನೆಯ ಅಂಕಣವನ್ನು ಖಾಲಿ ಬಿಟ್ಟೆವು. ಮುಂದಿನ ಡಿಸೆಂಬರ್‌ಗೆ ಮಾವ ಬರುವುದರೊಳಗೆ ಅದನ್ನು ಆಡಿ ಮುಗಿಸುವ ಕೆಲಸವನ್ನು ಸೊಸೆಯೂ ನಾನೂ ವಹಿಸಿಕೊಂಡಿದ್ದೇವೆ.