ಹಳ್ಳದ ಕಲ್ಲಿನ ಮೇಲೆ ಸಿಳ್ಳಾರ

“ಈ ಮಳೆಗಾಲ ಸಿಳ್ಳೆ ಹಕ್ಕಿ ಬರ್ಲೇ ಇಲ್ಲ ಕಣೆ” ಅಂದರು ಅಪ್ಪಯ್ಯ.

ಜುಲೈ ತಿಂಗಳು, ಬೆಳಗಿನ ಐದೂಮುಕ್ಕಾಲು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಇಬ್ಬರೂ ಕಾಫಿ ಲೋಟ ಹಿಡಿದು ಕೂತಿದ್ದೆವು. ಅವರು ಆ ಮಾತು ಆಡುತ್ತಿದ್ದ ಹೊತ್ತಿಗೇ ತೋಟದ ಕೆಳಗಿನ ಹಳ್ಳದಿಂದ ಸಿಳ್ಳೆ ಕೇಳಿಬರುತ್ತಿತ್ತು. ಶಾಲೆ ಹುಡುಗನೊಬ್ಬ ಗೊತ್ತು ಗುರಿಯಿಲ್ಲದೆ ರಾಗ ಎಳೆಯುತ್ತ, ನಡುವೆ ಮರೆತು, ಮತ್ತೆ ಎಲ್ಲಿಂದಲೋ ಹಿಡಿದುಕೊಂಡ ಹಾಗೆ. ಸಿಳ್ಳಾರ ಅಂತಲೂ ಕರೆಯುವ ಆ ಹಕ್ಕಿ ಬಂದಿತ್ತು. ಅಪ್ಪಯ್ಯನ ಕಿವಿಗೆ ಅದು ಮುಟ್ಟುತ್ತಿರಲಿಲ್ಲ. ವಯಸ್ಸಾದಂತೆ ಮೊದಲು ಕೈಬಿಡುವುದು ಎತ್ತರದ ಸ್ವರಗಳಂತೆ. ಚಿಕ್ಕವಳಿದ್ದಾಗ ಆ ಸಿಳ್ಳೆ ಕೇಳಿಸಿದ್ದೇ ನನ್ನನ್ನು ಎಬ್ಬಿಸುತ್ತಿದ್ದವರು ಅವರು. “ಅಗೋ, ಹಾಡ್ತಿದೆ” ಅನ್ನಲು ನನಗೆ ಬಾಯಿ ಬರಲಿಲ್ಲ.

ಆವತ್ತೇ ಆ ಹಕ್ಕಿಯ ಚಿತ್ರ ಬರೆಯಬೇಕು ಅನ್ನಿಸಿತು. ಎಣ್ಣೆಬಣ್ಣದ ಪೆಟ್ಟಿಗೆ ಬೆಂಗಳೂರಿನಿಂದ ಜೊತೆಗೇ ಬಂದಿತ್ತು. ಇಂಟರ್ನೆಟ್ಟಿನಲ್ಲಿ ಈ ಹಕ್ಕಿಯ ಒಳ್ಳೊಳ್ಳೆಯ ಫೋಟೋಗಳಿವೆ, ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗಬಹುದಿತ್ತು. ಆದರೆ ಅದು ಯಾವುದೋ ಹಳ್ಳದ ಹಕ್ಕಿ. ಅಪ್ಪಯ್ಯ ಬರಲಿಲ್ಲ ಅಂದದ್ದು ನಮ್ಮ ಹಳ್ಳದ್ದನ್ನು.

ಹಾಗಾಗಿ ನಾಲ್ಕು ಬೆಳಿಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು, ಕಾಲಿಗೆ ಸುಣ್ಣ ಹಚ್ಚಿಕೊಂಡು ಹಳ್ಳ ದಾಟುವ ಕಾಲುಸಂಕದ ಬಳಿ ಕೂತೆ. ರಕ್ತ ಹೀರುವ ಉಂಬಳ ಸುಣ್ಣಕ್ಕೂ ಜಗ್ಗಲಿಲ್ಲ. ಹಕ್ಕಿಯದು ಗೊರವಂಕಕ್ಕಿಂತ ಸ್ವಲ್ಪ ದೊಡ್ಡ ಗಾತ್ರ. ಬಂಡೆಯ ಮೇಲೆ ಕೂತು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಮಡಚುತ್ತಿತ್ತು. ಮಬ್ಬಿನಲ್ಲಿ ಅಪ್ಪಟ ಕಪ್ಪು. ಮೋಡ ಒಂದಿಷ್ಟು ಸರಿದು ಬೆಳಕು ಬಿದ್ದದ್ದೇ ಹಣೆಯ ಮೇಲೆ, ಹೆಗಲ ಮೇಲೆ ನೀಲಿ ಹೊತ್ತಿಕೊಂಡಿತು. ಹಕ್ಕಿ ಮೈ ತಿರುಗಿಸಿತು, ಮತ್ತೆ ಕಪ್ಪು.

ಈ ನೀಲಿಯೇ ನನ್ನನ್ನು ವಾರಗಟ್ಟಲೆ ಕಾಡಿದ್ದು. ಗರಿಯಲ್ಲಿ ನೀಲಿ ಬಣ್ಣ ಅಂತ ಇರುವುದೇ ಇಲ್ಲ. ಗರಿಯ ಎಳೆಗಳೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕಿನ ನೀಲಿ ಪಾಲನ್ನಷ್ಟೇ ಹೊರಕ್ಕೆ ಚದುರಿಸುತ್ತದೆ, ಉಳಿದದ್ದನ್ನು ಕೆಳಗಿನ ಕಪ್ಪು ನುಂಗುತ್ತದೆ. ಇಂಥ ಗರಿಯನ್ನು ಅರೆದು ನೋಡಿದರೆ ನೀಲಿ ಮಾಯವಾಗಿ ಕಂದು ಪುಡಿಯಷ್ಟೇ ಉಳಿಯುತ್ತದೆ. ಟ್ಯೂಬಿನಿಂದ ಹಿಂಡಿದ ಬಣ್ಣದಲ್ಲಿ ಅದನ್ನು ತರುವುದು ಹೇಗೆ?

ಮೊದಲ ಪ್ರಯತ್ನದಲ್ಲಿ ಮೈಗೆ ಕಪ್ಪು ಬಣ್ಣ, ಹೆಗಲಿಗೆ ಕೋಬಾಲ್ಟ್ ನೀಲಿಗೆ ಬಿಳಿ ಬೆರೆಸಿ ಬಳಿದೆ. ಹಕ್ಕಿಗೆ ಯಾರೋ ನೀಲಿ ತೇಪೆ ಹಾಕಿದ ಹಾಗೆ ಕಂಡಿತು. ಬಟ್ಟೆಯಿಂದ ಒರೆಸಿ ತೆಗೆದೆ. ಎರಡನೆಯ ಸಲ ಕಪ್ಪಿನ ಟ್ಯೂಬನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಎಂಬ ಸುಟ್ಟ ಮಣ್ಣಿನ ಕಂದು ಸೇರಿಸಿದರೆ ಕಪ್ಪಿಗಿಂತ ಆಳವಾದ, ಒಳಗೆ ಜೀವವಿರುವ ಒಂದು ಕಪ್ಪು ಹುಟ್ಟುತ್ತದೆ. ಅದನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಇಡೀ ಮೈಗೆ ಹಚ್ಚಿದೆ. ಆಮೇಲೆ ಅಗಸೆ ಎಣ್ಣೆ ಬೆರೆಸಿದ ಶುದ್ಧ ಅಲ್ಟ್ರಾಮರೀನನ್ನು ಗಾಜಿನಷ್ಟು ತೆಳುವಾಗಿ, ಪದರದ ಮೇಲೆ ಪದರ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ತಿರುಗುಮುರುಗಾದರೆ ಮುಂದೆ ಚಿತ್ರ ಬಿರಿಯುತ್ತದೆ.

ಆದರೆ ಮಲೆನಾಡಿನ ಮಳೆಯಲ್ಲಿ ಒಣಗಬೇಕಲ್ಲ! ಅಡಕೆ ಒಣಗಿಸುವ ಮನೆಯವಳಾದ ಅಮ್ಮನಿಗೆ ಅದು ದೊಡ್ಡ ಸಮಸ್ಯೆ ಅನ್ನಿಸಲಿಲ್ಲ. “ಒಲೆ ಮೇಲಿನ ಅಟ್ಟಕ್ಕೆ ಹಾಕು ಮಾರಾಯ್ತಿ, ಎರಡು ದಿನದಲ್ಲಿ ಗರಿಗರಿ ಆಗ್ತದೆ” ಅಂದಳು. ಎಣ್ಣೆಬಣ್ಣ ಬಟ್ಟೆಯಂತೆ ನೀರಾರಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು ಅಂತ ವಿವರಿಸಿದೆ. ಕತ್ತಲಲ್ಲಿಟ್ಟರೆ ಅಗಸೆ ಎಣ್ಣೆ ಹಳದಿಗಟ್ಟುತ್ತದೆ ಅಂತಲೂ ಹೇಳಿದೆ. ಕೊನೆಗೆ ಜಗಲಿಯ ಕಿಟಕಿ ಪಕ್ಕ ಜಾಗ ಸಿಕ್ಕಿತು. ಬೆಂಗಳೂರಲ್ಲಿ ಮೂರು ದಿನಕ್ಕೆ ಆರುವ ಪದರ ಅಲ್ಲಿ ವಾರವಾದರೂ ಬೆರಳಿಗೆ ಅಂಟುತ್ತಿತ್ತು. ಕಚೇರಿ ಕೆಲಸವನ್ನು ಅಲ್ಲಿಂದಲೇ ಮಾಡುತ್ತ ಆಗಸ್ಟ್ ಮುಗಿಯುವವರೆಗೂ ಉಳಿದೆ.

ಅಪ್ಪಯ್ಯ ದಿನಾ ಬಂದು ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಕನ್ನಡಕ ಸರಿಮಾಡಿಕೊಂಡು, “ಕಲ್ಲು ಬೋಳಾಗಿದೆ. ಅದು ಹಕ್ಕಿ ಏಡಿ ಕುಟ್ಟೋ ಕಲ್ಲು, ಚಿಪ್ಪು ಬಿದ್ದಿರ್ಬೇಕು” ಅಂದರು. ಹೌದು, ನಾನು ಹಕ್ಕಿಯನ್ನೇ ನೋಡುತ್ತ ಕಲ್ಲನ್ನು ಬಿಟ್ಟಿದ್ದೆ. ಹಕ್ಕಿಯ ಕಾಲ ಬಳಿ ಕೆಂಗಂದು ಬಣ್ಣದಲ್ಲಿ ಎರಡು ಚಿಪ್ಪಿನ ಚೂರು ಇಟ್ಟೆ. ಅದುವರೆಗೆ ಎಲ್ಲೋ ಇದ್ದ ಕಲ್ಲು ನಮ್ಮ ಹಳ್ಳಕ್ಕೆ ಬಂತು.

“ಎಲ್ಲಿ ನೋಡಿದ್ದು ನೀನು?”

“ನಮ್ಮ ಸಂಕದ ಹತ್ರಾನೇ, ಅಪ್ಪಯ್ಯ.”

“ಈ ವರ್ಷವೇ?”

“ಹೌದು.”

ಸ್ವಲ್ಪ ಹೊತ್ತು ತೋಟದ ಕಡೆ ನೋಡುತ್ತ ಕೂತರು. “ಹಾಡ್ತಿತ್ತಾ?”

“ದಿನಾ ಹಾಡ್ತಿತ್ತು.”

ಅವರು ಮತ್ತೇನೂ ಕೇಳಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದರು. ಅದನ್ನು ಮೊದಲ ದಿನವೇ ಹೇಳಬೇಕಿತ್ತೇನೋ ಅಂತ ಈಗಲೂ ಅನ್ನಿಸುತ್ತದೆ.

ಚಿತ್ರಕ್ಕೆ ವಾರ್ನಿಷ್ ಹಚ್ಚಲು ಇನ್ನೂ ಆರು ತಿಂಗಳಾದರೂ ಕಾಯಬೇಕು. ಕಿಟಕಿ ಪಕ್ಕವೇ ಬಿಟ್ಟು ಬಂದೆ. ಮೊನ್ನೆ ಅಮ್ಮನ ಫೋನಿನಲ್ಲಿ ಅಪ್ಪಯ್ಯ ಮಾತಾಡಿದರು. ನಾನು ಹೇಳಿದ್ದು ಅವರಿಗೆ ಕೇಳುವುದು ಕಷ್ಟ, ಹಾಗಾಗಿ ಅವರೇ ಹೇಳುತ್ತ ಹೋದರು: ಅಡಕೆಗೆ ಎರಡನೇ ಸಲ ಮದ್ದು ಹೊಡೆಸಿದ್ದು, ಸಂಕದ ಒಂದು ದಬ್ಬೆ ಬದಲಾಯಿಸಿದ್ದು. ಇಡುವ ಮುಂಚೆ ಅಂದರು, “ನಿನ್ನ ಹಕ್ಕಿ ಬೆಳಿಗ್ಗೆ ಕಾಫಿ ಹೊತ್ತಿಗೆ ಕಪ್ಪಿರ್ತದೆ. ಹನ್ನೊಂದು ಗಂಟೆಗೆ ಕಿಟಕಿ ಬಿಸಿಲು ಬಿದ್ದಾಗ ನೀಲಿ ಆಗ್ತದೆ. ನಾನು ಆ ಹೊತ್ತಿಗೆ ಅಲ್ಲೇ ಕೂತಿರ್ತೇನೆ.”