ಮಗುವಿನ ಸುನ್ನತಿಗೆ ಇನ್ಶೂರೆನ್ಸ್ ಸಿಗುತ್ತಾ? ಕೌಂಟರ್‌ನಲ್ಲಿ ಕಲಿತದ್ದು

ನಾನು ಖಾಸಗಿ ಆಸ್ಪತ್ರೆಯೊಂದರ ಇನ್ಶೂರೆನ್ಸ್ ಕೌಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಬೇಸಿಗೆ ರಜೆ ಬಂತೆಂದರೆ ಗಂಡುಮಕ್ಕಳ ಸುನ್ನತಿ ಬಗ್ಗೆ ಕೇಳುವವರು ಜಾಸ್ತಿ. "ಮೇಡಂ, ಕ್ಯಾಶ್‌ಲೆಸ್ ಆಗುತ್ತಾ?" ಅಂದರೆ ಬಿಲ್ಲನ್ನು ಇನ್ಶೂರೆನ್ಸ್ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುತ್ತದೆಯೇ ಎಂದು.

ಕಾಯಿಲೆಗೆ ಮಾಡಿದರೆ ಆಗುತ್ತದೆ. ಸಂಪ್ರದಾಯಕ್ಕೆ ಮಾಡಿಸಿದರೆ ಸಾಮಾನ್ಯವಾಗಿ ಆಗುವುದಿಲ್ಲ. ಹೆಚ್ಚಿನ ಪಾಲಿಸಿಗಳು ಸುನ್ನತಿಯನ್ನು ಹೊರಗಿಟ್ಟಿವೆ. ರೋಗ ಅಥವಾ ಅಪಘಾತದ ಚಿಕಿತ್ಸೆಗೆ ಬೇಕಾದರೆ ಮಾತ್ರ ಕೊಡುತ್ತವೆ.

ಹಾಗಂತ ಕೇಸ್ ಶೀಟ್‌ನಲ್ಲಿ "ಫೈಮೋಸಿಸ್" (ಮುಂದೊಗಲು ಬಿಗಿಯಾಗಿರುವುದು) ಎಂದು ಒಂದೇ ಪದ ಬರೆದರೆ ಸಾಲದು. ಚಿಕ್ಕ ಮಕ್ಕಳಲ್ಲಿ ಮುಂದೊಗಲು ಹಿಂದಕ್ಕೆ ಸರಿಯದಿರುವುದು ಸಹಜ. ಬೆಳೆಯುತ್ತಾ ಬಹಳಷ್ಟು ಮಕ್ಕಳಿಗೆ ತಾನಾಗಿಯೇ ಸರಿಹೋಗುತ್ತದೆ. ಕಂಪನಿಯ ಡಾಕ್ಟರಿಗೂ ಇದು ಗೊತ್ತು, ಅದಕ್ಕೇ ಪ್ರಶ್ನೆ ಕೇಳಿ ಕಳಿಸುತ್ತಾರೆ. ಪದೇಪದೇ ಸೋಂಕು ಬಂದಿದೆಯಾ, ಮೂತ್ರಕ್ಕೆ ತೊಂದರೆ ಇದೆಯಾ, ಸ್ಟೀರಾಯ್ಡ್ ಮುಲಾಮು ಎಷ್ಟು ವಾರ ಹಚ್ಚಿದ್ದಾರೆ, ತೊಗಲು ಬೆಳ್ಳಗೆ ಗಟ್ಟಿಯಾಗಿ ಗಾಯದ ಕಲೆ ಕಟ್ಟಿದೆಯಾ? ಅರ್ಜಿ ಕಳಿಸುವ ಮೊದಲೇ ಇದನ್ನೆಲ್ಲ ಬರೆದುಕೊಡಿ ಎಂದು ಸರ್ಜನ್ ಹತ್ತಿರ ಕೇಳುತ್ತೇನೆ. ಹಳೆಯ ಓಪಿಡಿ ಚೀಟಿಗಳನ್ನೂ ಜೊತೆಗಿಡುತ್ತೇನೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ 1 ಗಂಟೆಯೊಳಗೆ ಉತ್ತರ ಕೊಡಬೇಕು. ಆದರೆ ನಮ್ಮ ಕಾಗದವೇ ಅರ್ಧಂಬರ್ಧ ಇದ್ದರೆ ಆ ಗಂಟೆಯಿಂದ ಏನು ಪ್ರಯೋಜನ? ಮಗು ಆಪರೇಷನ್‌ಗೆಂದು ಹಾಲೂ ಕುಡಿಯದೆ ಅಳುತ್ತಿರುತ್ತದೆ.

"ಕಾಯಿಲೆ ಅಂತ ಬರೆದುಬಿಡಿ, ಯಾರಿಗೆ ಗೊತ್ತಾಗುತ್ತೆ?" ಎಂದು ಕೇಳುವ ತಂದೆತಾಯಿ ಇದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ದುಡ್ಡು ಸುಮ್ನೆ ಬರುವುದಿಲ್ಲ. ಆದರೂ ಆಗಲ್ಲ ಎನ್ನುತ್ತೇನೆ. ಮಗುವಿನ ದಾಖಲೆಯಲ್ಲಿ ಇಲ್ಲದ ರೋಗ ಸೇರುತ್ತದೆ. ಸುಳ್ಳು ಸಿಕ್ಕಿಬಿದ್ದರೆ ಇಡೀ ಮನೆಯವರ ಪಾಲಿಸಿಯೇ ರದ್ದಾಗಬಹುದು, ಸಹಿ ಹಾಕಿದ ಡಾಕ್ಟರಿಗೂ ಕುತ್ತು. ಅದರ ಬದಲು ಸರ್ಜನ್, ಅರಿವಳಿಕೆ ಡಾಕ್ಟರ್, ಥಿಯೇಟರ್, ಔಷಧಿ ಎಲ್ಲ ಸೇರಿಸಿ ಒಟ್ಟು ಖರ್ಚನ್ನು ಮೊದಲೇ ಬರೆದುಕೊಡುತ್ತೇನೆ. ಸ್ಟೇಪ್ಲರ್ (ತೊಗಲು ಕತ್ತರಿಸಿ ಪಿನ್ ಹಾಕುವ ಸಾಧನ) ಬೇಕೆಂದರೆ ಅದರ ಬೆಲೆಯನ್ನು ಬೇರೆಯೇ ತೋರಿಸುತ್ತೇನೆ.

ಇನ್ನು ಸರ್ಜನ್ ಫೀಸು. ಇದರ ಬಗ್ಗೆ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಹೆಚ್ಚಾಗಿ ಮಕ್ಕಳನ್ನು ಅದೇ ದಿನ ಮನೆಗೆ ಕಳಿಸುತ್ತೇವೆ. ಆದರೆ ರಾತ್ರಿ ಉಳಿಯಲು ಪಾಲಿಸಿಯ ಮಿತಿಗಿಂತ ದುಬಾರಿ ರೂಮು ತೆಗೆದುಕೊಂಡರೆ, ಕೆಲವು ಪಾಲಿಸಿಗಳಲ್ಲಿ ರೂಮಿನ ಬಾಡಿಗೆ ಜೊತೆಗೆ ಸರ್ಜನ್ ಫೀಸನ್ನೂ ಅದೇ ಲೆಕ್ಕದಲ್ಲಿ ಕಡಿಯುತ್ತಾರೆ. ಮಿತಿ 3,000 ರೂಪಾಯಿ ಇದ್ದು ರೂಮು 6,000 ಆದರೆ, 20,000ದ ಫೀಸಿನಲ್ಲಿ 10,000 ಮಾತ್ರ ಸಿಗುತ್ತದೆ. ಔಷಧಿಗೆ ಈ ಕಡಿತ ಇಲ್ಲ. ಉಳಿದ ಹತ್ತು ಸಾವಿರ ಮನೆಯವರ ತಲೆಗೇ ಬರುತ್ತದೆ. ಅದಕ್ಕೇ ಪಾಲಿಸಿಯಲ್ಲಿ ರೂಮಿನ ಮಿತಿ ಎಷ್ಟಿದೆ ಎಂದು ನೋಡಿದ ಮೇಲೆಯೇ ನಾನು ರೂಮಿನ ಮಾತು ಎತ್ತುವುದು.