ಭಾನುವಾರದ ಪೂಜೆ ಶನಿವಾರ ಸಂಜೆಯೇ ಶುರು

ಹಾಸನ, ಚಿಕ್ಕಮಗಳೂರು ಕಡೆಯ ಹಳ್ಳಿಗಳಲ್ಲಿ ನೂರು, ನೂರಿಪ್ಪತ್ತು ಮನೆಯ ಕಥೋಲಿಕ ಧರ್ಮಕೇಂದ್ರ ಅಂದರೆ ಇಷ್ಟೇ: ಒಬ್ಬರು ಫಾದರ್, ಕಾನ್ವೆಂಟಿನಲ್ಲಿ ಮೂರು ನಾಲ್ಕು ಸಿಸ್ಟರುಗಳು, ಇದ್ದರೆ ಒಬ್ಬ ಉಪದೇಶಿ, ಉಳಿದಂತೆ ಯಾವ ಕೆಲಸಕ್ಕೂ ಮುಂದೆ ಬರುವ ಅದೇ ಹತ್ತು ಹನ್ನೆರಡು ಜನ. ಭಾನುವಾರ ಬೆಳಗ್ಗೆ ಏಳೂವರೆಯ ಪೂಜೆ (ಇಂಗ್ಲಿಷಿನಲ್ಲಿ ಮಾಸ್) ಮುಗಿಸಿ ಫಾದರ್ ಒಂಬತ್ತೂವರೆಗೆ ಉಪಕೇಂದ್ರದ, ಅಂದರೆ ಇದೇ ಧರ್ಮಕೇಂದ್ರಕ್ಕೆ ಸೇರಿದ ಇನ್ನೊಂದು ಹಳ್ಳಿಯಲ್ಲಿರಬೇಕು. ಇಲ್ಲಿ ಹತ್ತು ನಿಮಿಷ ತಡವಾದರೆ ಅಲ್ಲಿ ಜನ ಅಂಗಳದಲ್ಲಿ ಕಾಯುತ್ತಾರೆ. ತಡವಾಗುವುದು ಪ್ರಬೋಧನೆ ಉದ್ದವಾಗಿದ್ದಕ್ಕೆ ಅಂತ ಜನ ಹೇಳುತ್ತಾರೆ (ಅದೂ ಉಂಟು). ಆದರೆ ಹೆಚ್ಚಿನ ಸಲ ಕಾರಣ ಬೆಂಕಿಪೊಟ್ಟಣ ಸಿಗದೇ ಇರುವುದು, ಮೈಕಿನ ಬ್ಯಾಟರಿ ಸತ್ತಿರುವುದು, ಓದುವವರು ಯಾರೆಂದು ಆ ಗಳಿಗೆಯಲ್ಲಿ ಹುಡುಕುವುದು. ಇವೆಲ್ಲ ಶನಿವಾರ ಸಂಜೆ ಒಂದು ತಾಸಿನಲ್ಲಿ ಮುಗಿಯುವ ಕೆಲಸಗಳು.

ಮೊದಲು ರೊಟ್ಟಿ ಮತ್ತು ದ್ರಾಕ್ಷಾರಸ. ಪೂಜೆಯ ರೊಟ್ಟಿ ಬರೀ ಗೋಧಿಯದ್ದಾಗಿರಬೇಕು, ಹುಳಿ ಹಾಕದ್ದು, ಹೊಸದಾಗಿ ಮಾಡಿದ್ದು. ಕಾನ್ವೆಂಟುಗಳಲ್ಲಿ ಮಾಡಿ ಪ್ಯಾಕೆಟ್ಟಿನಲ್ಲಿ ಕೊಡುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಪ್ಯಾಕೆಟ್ ಬಿಚ್ಚಿಟ್ಟರೆ ಎರಡೇ ದಿನಕ್ಕೆ ಮೆತ್ತಗಾಗಿ ಬಗ್ಗುತ್ತದೆ, ವಾರ ಕಳೆದರೆ ಬೂಷ್ಟು. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಬೇಕಾದಷ್ಟೇ ತೆಗೆಯಬೇಕು. ಮುರಿದರೆ ಟಪ್ ಎಂದು ಶಬ್ದ ಬರಬೇಕು, ಬಾರದಿದ್ದರೆ ಆ ಪ್ಯಾಕೆಟ್ ಬೇಡ. ಎಷ್ಟು ಇಡಬೇಕು ಅನ್ನುವುದಕ್ಕೆ ಹಿಂದಿನ ಭಾನುವಾರದ ಲೆಕ್ಕವೇ ಆಧಾರ. ಪೂಜೆಯಲ್ಲಿ ಅರ್ಪಿತವಾದ ರೊಟ್ಟಿಯೇ ಪರಮಪ್ರಸಾದ; ಮೊದಲು ಅದರ ಪೆಟ್ಟಿಗೆಯೊಳಗೆ ಉಳಿದಿರುವುದನ್ನು ಫಾದರ್ ಹತ್ತಿರ ಕೇಳಿ, ಆಮೇಲೆ ಹೊಸದನ್ನು ಎಣಿಸಿ. ಇದನ್ನು ಕೇಳದೆ ಪ್ರತಿ ವಾರ ನೂರೈವತ್ತು ಸುರಿದರೆ ಪೆಟ್ಟಿಗೆಯಲ್ಲಿ ಹಳೆಯದು ಕೂಡುತ್ತಾ ಹೋಗುತ್ತದೆ, ಕೊನೆಗೆ ಫಾದರ್ ಒಬ್ಬರೇ ಕೂತು ಸೇವಿಸಿ ಮುಗಿಸಬೇಕಾಗುತ್ತದೆ. ಕಡಿಮೆ ಬಿದ್ದರೆ ಅಷ್ಟು ತೊಂದರೆಯಿಲ್ಲ, ಅರ್ಧ ಮಾಡಿ ಕೊಡುತ್ತಾರೆ.

ದ್ರಾಕ್ಷಾರಸ ಅಂಗಡಿಯದ್ದಲ್ಲ. ಏನೂ ಬೆರೆಸದ, ದ್ರಾಕ್ಷಿಯಿಂದಷ್ಟೇ ಆದ, ಪೂಜೆಗೆಂದೇ ಬರುವ ಬಾಟಲಿ. 750 ಮಿಲೀಲೀಟರಿನ ಬಾಟಲಿಯಲ್ಲಿ ಒಂದು ಪೂಜೆಗೆ 25 ಮಿಲೀಲೀಟರ್ ಹಿಡಿದರೆ ಮೂವತ್ತು ಪೂಜೆ. ಕಷ್ಟ ಇರುವುದು ಇಲ್ಲೇ. ಬಿಚ್ಚಿದ ಬಾಟಲಿ ಬೇಸಿಗೆಯಲ್ಲಿ ಅಷ್ಟು ದಿನ ತಡೆಯುವುದಿಲ್ಲ, ಹುಳಿಯಾಗುತ್ತದೆ. ವಿನಿಗರ್ ಆದದ್ದರಿಂದ ಪೂಜೆ ಅರ್ಪಿಸುವ ಹಾಗಿಲ್ಲ. ಆದ್ದರಿಂದ ಬಿಚ್ಚಿದ ದಿನವೇ ಎರಡು ಮೂರು ಚಿಕ್ಕ ಬಾಟಲಿಗೆ ಕತ್ತಿನವರೆಗೆ ತುಂಬಿ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡುವುದು ಜಾಣತನ. ಶನಿವಾರ ಮೂಗಿಗೆ ಹಿಡಿದು ನೋಡಿ. ನೀರಿನ ಕುಡಿಕೆ, ರಸದ ಕುಡಿಕೆ ಎರಡೂ ಸ್ಟೀಲಿನವಾದರೆ ಒಂದರ ಮುಚ್ಚಳಕ್ಕೆ ಕೆಂಪು ದಾರ ಕಟ್ಟಿ. ಪೂಜೆಗೆ ನೆರವಾಗುವ ಪೀಠದ ಬಾಲಕರಿಗೆ ಗೊಂದಲವಾಗಿ, ರಸಕ್ಕೆ ಒಂದು ಹನಿ ನೀರು ಬೀಳಬೇಕಾದ ಕಡೆ ಪಾನಪಾತ್ರೆಯ ತುಂಬ ನೀರೇ ಆಗಿಬಿಡುವುದು ಅಪರೂಪವೇನಲ್ಲ.

ಪೀಠಕ್ಕೆ ಕನಿಷ್ಠ ಒಂದು ಬಿಳಿ ಬಟ್ಟೆ, ಎರಡು ದೀಪ, ಯೇಸುವಿನ ಪ್ರತಿಮೆಯಿರುವ ಶಿಲುಬೆ. ಪೂಜೆಯನ್ನು ಇಲ್ಲಿನ ಪದ್ಧತಿಗೆ ಹೊಂದಿಸಲು ಭಾರತಕ್ಕೆಂದು 1969ರಲ್ಲಿ ರೋಮಿನಿಂದ ಒಪ್ಪಿಗೆಯಾದ ಹನ್ನೆರಡು ಅಂಶಗಳಲ್ಲಿ ಮೇಣದಬತ್ತಿಯ ಬದಲು ಎಣ್ಣೆದೀಪ ಇಡುವುದೂ ಇದೆ, ಶಾಂತಿ ಕೋರುವಾಗ ಕೈಕುಲುಕುವ ಬದಲು ಕೈಮುಗಿಯುವುದೂ ಇದೆ. ಎಣ್ಣೆದೀಪ ನೋಡಲು ಚೆಂದ, ಆದರೆ ಫ್ಯಾನಿನ ಕೆಳಗಿಟ್ಟರೆ ಬಟ್ಟೆಗೆ ಎಣ್ಣೆ, ಮಸಿ ಎರಡೂ. ದೀಪದ ಕೆಳಗೆ ಅಗಲದ ಹಿತ್ತಾಳೆ ತಟ್ಟೆ ಇರಲಿ.

ಪುಸ್ತಕ ತೆರೆದಿಡುವಾಗ ತಪ್ಪುವುದು ವರ್ಷದ ಲೆಕ್ಕದಲ್ಲಿ. ಭಾನುವಾರದ ಬೈಬಲ್ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ. ಶುಭಸಂದೇಶ, ಅಂದರೆ ಯೇಸುವಿನ ಜೀವನ ಹೇಳುವ ಭಾಗ, ಎ ವರ್ಷ ಮತ್ತಾಯನದ್ದು, ಬಿ ವರ್ಷ ಮಾರ್ಕನದ್ದು, ಸಿ ವರ್ಷ ಲೂಕನದ್ದು. ಇಸವಿ ಮೂರರಿಂದ ಭಾಗವಾದರೆ ಅದು ಸಿ. 2025 ಸಿ, 2026 ಎ, 2027 ಬಿ. ಆದರೆ ವರ್ಷ ಬದಲಾಗುವುದು ಜನವರಿಯಲ್ಲಲ್ಲ, ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ, ಅಂದರೆ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ. ಅವತ್ತು ಹಳೆಯ ಗುರುತಿನ ದಾರ ಹಿಡಿದು ತೆರೆದರೆ ಮೊದಲ ವಾಚನ ಒಂದು, ಶುಭಸಂದೇಶ ಇನ್ನೊಂದು ವರ್ಷದ್ದು. ಅದೇ ದಿನ ಫಾದರ್ ತೊಡುವ ಹಸಿರು ವಸ್ತ್ರ ಹೋಗಿ ನೇರಳೆ ಬರುತ್ತದೆ, ಮಹಿಮಾ ಗೀತೆ ನಿಲ್ಲುತ್ತದೆ. ಗಾಯನ ವೃಂದದವರಿಗೆ ಶನಿವಾರವೇ ಹೇಳದಿದ್ದರೆ ಅಭ್ಯಾಸದ ಬಲದಿಂದ ಹಾರ್ಮೋನಿಯಂ ತಾನಾಗಿಯೇ ಶುರುವಾಗಿಬಿಡುತ್ತದೆ.

ಓದುವವರ ವಿಷಯಕ್ಕೆ ಬಂದರೆ, ಪೂಜೆಗೆ ಐದು ನಿಮಿಷ ಇರುವಾಗ ಬೆಂಚಿನಲ್ಲಿ ಕೂತವರಿಗೆ “ನೀವು ಓದಿಬಿಡಿ ಅಕ್ಕ” ಅನ್ನುವ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು. ಅವರಿಗೂ ಅವಮಾನ, ವಾಕ್ಯಕ್ಕೂ. ತಿಂಗಳ ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿ, ಪ್ರತಿ ವಾಚನಕ್ಕೆ ಒಬ್ಬರ ಜೊತೆ ಇನ್ನೊಬ್ಬರ ಹೆಸರು ಬದಲಿಗೆ ಇರಲಿ. ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ ಬರಬೇಕು. ಪೆಂಟೆಕೋಸ್ತ್ ಹಬ್ಬದ ವಾಚನದಲ್ಲಿ ಕಪ್ಪದೋಕ್ಯ, ಫ್ರುಗ್ಯ, ಪಂಫುಲ್ಯ ಒಂದರ ಹಿಂದೆ ಒಂದು ಬರುತ್ತವೆ, ಮೊದಲ ಸಲ ಮೈಕಿನ ಮುಂದೆಯೇ ನೋಡಿದರೆ ನಾಲಗೆ ತೊಡರದೆ ಇರದು. “ಮೊದಲನೆಯ ವಾಚನ” ಎನ್ನುವ ತಲೆಬರಹವನ್ನೂ ಅದರ ಕೆಳಗಿನ ಕೆಂಪಕ್ಷರದ ಸಾಲನ್ನೂ ಓದಬಾರದು, ಅವು ಓದುವವರಿಗೆ ಇರುವ ಸೂಚನೆ. ಯಾವ ಗ್ರಂಥದಿಂದ ಅನ್ನುವಲ್ಲಿಂದ ಶುರು. ಮೊಬೈಲ್ ನೋಡಿ ಓದುವುದು ಈಗ ಹೆಚ್ಚಾಗಿದೆ. ಅದರಲ್ಲಿ ದೇವರ ವಾಕ್ಯದ ನಡುವೆ ಗ್ಯಾಸ್ ಏಜೆನ್ಸಿಯ ಫೋನೂ ಬರುತ್ತದೆ. ಗ್ರಂಥ ಇರುವುದೇ ಓದಲಿಕ್ಕೆ.

ಮೈಕು ಕೂಗುತ್ತದೆ ಅಂದರೆ ಹೆಚ್ಚಿನ ಸಲ ಸ್ಪೀಕರ್ ಓದುವವರ ಬೆನ್ನ ಹಿಂದಿದೆ ಅಂತ ಅರ್ಥ. ಸ್ಪೀಕರನ್ನು ಮೈಕಿಗಿಂತ ಮುಂದಕ್ಕೆ ತಂದು ಜನರತ್ತ ತಿರುಗಿಸಿದರೆ ಅರ್ಧ ರೋಗ ವಾಸಿ. ಹೆಂಚಿನ ಮಾಡಿನ ಚಿಕ್ಕ ದೇವಾಲಯಕ್ಕೆ ಎರಡು ಸ್ಪೀಕರ್ ಧಾರಾಳ. ಆರು ಹಾಕಿಸಿ ಎಲ್ಲ ಕಡೆಯಿಂದಲೂ ಪ್ರತಿಧ್ವನಿ ಕೇಳುವುದಕ್ಕಿಂತ ಅದೇ ದುಡ್ಡಿಗೆ ಒಂದು ಯುಪಿಎಸ್ ತರುವುದು ಮೇಲು.

ಹಾಡು ಜನರ ಬಾಯಿಗೆ ಬಾರದಿರಲು ಬಹುತೇಕ ಶ್ರುತಿಯೇ ಕಾರಣ. ಅಭ್ಯಾಸಕ್ಕೆ ಬರುವವರಲ್ಲಿ ಹೆಚ್ಚಿನವರು ಹುಡುಗಿಯರು, ಅವರ ಕಂಠಕ್ಕೆ ಹೊಂದುವಂತೆ ಇಟ್ಟದ್ದು ಬೆಳಗ್ಗೆ ಏಳೂವರೆಗೆ ಗಂಡಸರ ಗಂಟಲಿಗೆ ಏರುವುದಿಲ್ಲ, ಅವರು ಸುಮ್ಮನೆ ನಿಲ್ಲುತ್ತಾರೆ. ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಒಂದೆರಡು ಮನೆ ಇಳಿಸಿ ನೋಡಿ. ಹೊಸ ಹಾಡು ತಿಂಗಳಿಗೊಂದು ಸಾಕು, ಅದನ್ನೂ ಪೂಜೆಗೆ ಮುಂಚೆ ಎರಡು ಸಲ ಹೇಳಿಕೊಟ್ಟೇ ಹಾಡಬೇಕು. ಪ್ರವೇಶಗೀತೆ ಫಾದರ್ ತಮ್ಮ ಆಸನಕ್ಕೆ ಬಂದ ಮೇಲೆ ಮುಗಿಯಬೇಕು, ಉಳಿದ ಚರಣಗಳ ಮೇಲೆ ಎಷ್ಟೇ ಪ್ರೀತಿಯಿದ್ದರೂ. ಪ್ರಸಾದ ಸ್ವೀಕಾರದ ಹಾಡು ಫಾದರ್ ಸ್ವೀಕರಿಸುವಾಗಲೇ ಶುರು. ಎಲ್ಲ ಮುಗಿಯಲಿ ಅಂತ ಕಾದರೆ ಗಾಯಕರೇ ಸಾಲಿನಲ್ಲಿ ಹೋಗಿ ನಿಂತಿರುತ್ತಾರೆ, ಹಾಡುವವರಿಲ್ಲ.

ಧೂಪದ್ದು ಒಂದು ಪ್ರತ್ಯೇಕ ವಿದ್ಯೆ. ತೆಂಗಿನ ಚಿಪ್ಪಿನ ಇದ್ದಿಲು ಒಳ್ಳೆಯದು, ಸೌದೆ ಇದ್ದಿಲಿಗಿಂತ ಹೆಚ್ಚು ಹೊತ್ತು ನಿಗಿನಿಗಿ ಇರುತ್ತದೆ. ಬೇಕಾಗುವುದಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಹೊರಗೆ ಹೊತ್ತಿಸಿ, ಮೇಲೆ ತೆಳುವಾಗಿ ಬೂದಿ ಕಟ್ಟುವವರೆಗೆ ಬಿಡಬೇಕು. ಕಪ್ಪಗಿರುವಾಗಲೇ ಒಳಗೆ ತಂದರೆ ಬರುವುದು ಇದ್ದಿಲ ಹೊಗೆ, ಮುಂದಿನ ಸಾಲಿನ ಅಜ್ಜಂದಿರೆಲ್ಲ ಕೆಮ್ಮುತ್ತಾರೆ. ಮೊದಲ ಸಲಕ್ಕೆ ಅರ್ಧ ಚಮಚ ಸಾಂಬ್ರಾಣಿ. ಪೀಠದ ಹುಡುಗರು ಉತ್ಸಾಹದಲ್ಲಿ ಮೂರು ಚಮಚ ಸುರಿದರೆ ಸಾಂಬ್ರಾಣಿ ಕರಗಿ ಕೆಂಡವನ್ನೇ ಮುಚ್ಚಿ ಆರಿಸುತ್ತದೆ. ಆಮೇಲೆ ಅದನ್ನು ಊದುತ್ತಾ ಕೂರಬೇಕು.

ಕಾಣಿಕೆ ಎಣಿಸಲು ಯಾವಾಗಲೂ ಇಬ್ಬರು, ಒಂದೇ ಮನೆಯವರಲ್ಲ. ಎಣಿಸಿದ್ದನ್ನು ಪುಸ್ತಕಕ್ಕೆ ಬರೆದು ಇಬ್ಬರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ. ಅಕ್ಟೋಬರಿನ ಕೊನೆಯ ಭಾನುವಾರಕ್ಕೆ ಒಂದು ವಾರ ಮೊದಲಿನ ಭಾನುವಾರದ ಮಿಷನ್ ಕಾಣಿಕೆ, ಶುಭ ಶುಕ್ರವಾರದ ಪವಿತ್ರ ನಾಡಿನ ಕಾಣಿಕೆ ಊರಿನ ಖರ್ಚಿಗಲ್ಲ, ಅವನ್ನು ಬೇರೆ ಲಕೋಟೆಯಲ್ಲೇ ಇಡಬೇಕು. ಕಾಂಪೌಂಡ್ ಗೋಡೆಗೆ “ಸದ್ಯಕ್ಕೆ” ತೆಗೆದದ್ದು ಹಿಂದಕ್ಕೆ ಬರುವುದೇ ಇಲ್ಲ.

ಮನಸ್ತಾಪಕ್ಕೆ ಕಾರಣವಾಗುವ ಇನ್ನೊಂದು ಪುಸ್ತಕ ಪೂಜೆ ಕಾಣಿಕೆಯದ್ದು, ಅಂದರೆ ತಮ್ಮವರ ಹೆಸರಲ್ಲಿ ಪೂಜೆ ಅರ್ಪಿಸಲು ಜನ ಕೊಡುವ ಕಾಣಿಕೆಯದ್ದು. ಅಪ್ಪನ ವರ್ಷದ ಪೂಜೆ ಭಾನುವಾರವೇ ಬೇಕು ಅಂತ ನಾಲ್ಕು ಮನೆಯವರು ಬರುತ್ತಾರೆ. ಭಾನುವಾರದ ಒಂದು ಪೂಜೆಯನ್ನು ಫಾದರ್ ಧರ್ಮಕೇಂದ್ರದ ಎಲ್ಲರಿಗಾಗಿ ಅರ್ಪಿಸಲೇಬೇಕು, ಅದು ಕಥೋಲಿಕ ಧರ್ಮಸಭೆಯ ಕಾನೂನು. ಒಂದೊಂದು ಕಾಣಿಕೆಗೂ ಒಂದೊಂದು ಪೂಜೆ. “ಇನ್ನೊಂದು ಪೂಜೆ ಇಟ್ಟುಬಿಡಿ ಫಾದರ್” ಅನ್ನುವುದೂ ಸುಲಭವಲ್ಲ. ಅಗತ್ಯ ಕಂಡರೆ ಧರ್ಮಾಧ್ಯಕ್ಷರು (ಬಿಷಪ್) ಭಾನುವಾರ ಒಬ್ಬ ಫಾದರಿಗೆ ಮೂರರವರೆಗೆ ಅನುಮತಿ ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ, ಉಪಕೇಂದ್ರಗಳಿಗೇ ಅವು ಮುಗಿದಿರುತ್ತವೆ. ಇದನ್ನು ವರ್ಷಕ್ಕೊಮ್ಮೆ ಪೀಠದಿಂದಲೇ ಬಿಡಿಸಿ ಹೇಳಿದರೆ ಕಚೇರಿಯಲ್ಲಿ ಕೂತವರ ಮೇಲೆ ಜನ ಮುನಿಸಿಕೊಳ್ಳುವುದು ತಪ್ಪುತ್ತದೆ.

ಕಚೇರಿ ಎಂದಾಗ ಹೆಸರಿನ ಕಥೆ ಬಿಡುವಂತಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಪೇತ್ರನೆಂದರೆ ರಾಯಪ್ಪ, ಪೌಲ ಚಿನ್ನಪ್ಪ, ಯೊವಾನ್ನ ಅರುಳಪ್ಪ, ಕ್ಸೇವಿಯರ್ ಚೌರಪ್ಪ, ಇಗ್ನೇಷಿಯಸ್ ಇನ್ನಾಸಪ್ಪ. ಹಳೆಯ ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಸ್ತಕಗಳಲ್ಲಿ ಲ್ಯಾಟಿನ್‌ನಲ್ಲಿ ಬರೆದ ಹೆಸರುಗಳಿವೆ. ಹೀಗಾಗಿ ಒಬ್ಬನೇ ಮನುಷ್ಯ ಊರಲ್ಲಿ ರಾಯಪ್ಪ, ಪುಸ್ತಕದಲ್ಲಿ ಪೆತ್ರುಸ್, ಆಧಾರಿನಲ್ಲಿ ಪೀಟರ್. ಮೊಮ್ಮಗಳ ಮದುವೆಗೆ ಪ್ರಮಾಣಪತ್ರ ಬೇಕೆಂದಾಗ ಹೆಸರು ಹುಡುಕುತ್ತಾ ಕೂತರೆ ಸಿಗುವುದಿಲ್ಲ. ತಂದೆ ತಾಯಿಯ ಹೆಸರು, ಜ್ಞಾನಸ್ನಾನದ ತಂದೆ ತಾಯಿಯ (ಗಾಡ್‌ಫಾದರ್, ಗಾಡ್‌ಮದರ್) ಹೆಸರು, ಅಂದಾಜು ವರ್ಷ ಹಿಡಿದು ಹುಡುಕಬೇಕು. ಈಗ ಬರೆಯುವವರು ಆಧಾರಿನಲ್ಲಿರುವ ಕಾಗುಣಿತವನ್ನೇ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿಟ್ಟರೆ ಮುಂದಿನವರಿಗೆ ಪುಣ್ಯ. ಮದುವೆ ಬೇರೆ ಊರಲ್ಲಿ ಆದರೆ ಅಲ್ಲಿಂದ ಬರುವ ಚೀಟಿಯನ್ನು ಜ್ಞಾನಸ್ನಾನದ ಸಾಲಿನ ಅಂಚಿನಲ್ಲಿ ಗುರುತಿಸಬೇಕು. ಆ ಚೀಟಿಗಳು ಡ್ರಾಯರಿನಲ್ಲೇ ಹಳದಿಯಾಗುವುದು ಎಲ್ಲೆಡೆಯ ಕಾಯಿಲೆ.

ಪೂಜೆಯಾದ ಮೇಲೆ ಮಕ್ಕಳ ಧರ್ಮೋಪದೇಶ ತರಗತಿ. ಹಸಿದ ಮಕ್ಕಳಿಗೆ ಏನು ಹೇಳಿದರೂ ಹತ್ತುವುದಿಲ್ಲ, ಒಂದೊಂದು ಬನ್ನು, ಒಂದು ಲೋಟ ಹಾಲು ಕೊಟ್ಟು ಮುಕ್ಕಾಲು ಗಂಟೆಗೆ ಬಿಟ್ಟುಬಿಡುವುದು ಒಳ್ಳೆಯದು. ಅದೇ ಹೊತ್ತಿಗೆ ಹಾಸಿಗೆ ಹಿಡಿದವರಿಗೆ ಪ್ರಸಾದ ಒಯ್ಯುವವರು ಹೊರಡುತ್ತಾರೆ. ಮನೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ, ದೀಪ, ಒಂದು ಲೋಟ ನೀರು ಸಾಕು. ಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗೂ ನೋಡಿಕೊಳ್ಳುವವರಿಗೂ ಇಲ್ಲ. ಇದು ಗೊತ್ತಿಲ್ಲದೆ ಸಕ್ಕರೆ ಕಾಯಿಲೆಯ ಅಜ್ಜಿಯನ್ನು ಉಪವಾಸ ಕೂರಿಸಿಬಿಡುತ್ತಾರೆ. ನುಂಗಲಾಗದವರಿಗೆ ಚೂರು ಮಾತ್ರ, ಚಮಚ ನೀರಿನೊಂದಿಗೆ. ಪ್ರಸಾದದ ಪುಟ್ಟ ಡಬ್ಬಿ ಕೊರಳಲ್ಲಿ ತೂಗುತ್ತಿರುವಾಗ ದಾರಿಯಲ್ಲಿ ನಿಂತು ಅಡಿಕೆ ರೇಟು ಮಾತಾಡಬಾರದು.

ವಾರದ ನಡುವೆ ಕಿರು ಕ್ರೈಸ್ತ ಸಮುದಾಯದ ಕೂಟ, ಹದಿನೈದು ಇಪ್ಪತ್ತು ಮನೆಗೊಂದು, ಸರದಿಯಲ್ಲಿ ಒಬ್ಬೊಬ್ಬರ ಮನೆಯಲ್ಲಿ. ಶುಭಸಂದೇಶ ಓದಿ, ಮನಸ್ಸಿಗೆ ತಟ್ಟಿದ ಮಾತನ್ನು ಮೂರು ಸಲ ಹೇಳಿ, ಸುಮ್ಮನೆ ಕೂತು, ಆಮೇಲೆ ಹಂಚಿಕೊಳ್ಳುವ ಏಳು ಹೆಜ್ಜೆಯ ಕ್ರಮ. ಇದು ಎರಡು ಕಾರಣಕ್ಕೆ ಕೆಡುತ್ತದೆ. ಒಂದು, ಮಾತುಬಲ್ಲ ಒಬ್ಬರು ಪ್ರಬೋಧನೆ ಶುರುಮಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಎರಡನೆಯದು ತಿಂಡಿ. ಮೊದಲ ಮನೆಯಲ್ಲಿ ಟೀ ಬಿಸ್ಕತ್ತು, ಎರಡನೆಯ ಮನೆಯಲ್ಲಿ ಉಪ್ಪಿಟ್ಟು, ಮೂರನೆಯದರಲ್ಲಿ ಕೇಸರಿಬಾತೂ ಸೇರುತ್ತದೆ, ಐದನೆಯದರಲ್ಲಿ ಬಿರಿಯಾನಿ. ಆರನೆಯದು ಕೂಲಿ ಮಾಡುವವರ ಮನೆ. ಅವರು “ಈ ತಿಂಗಳು ಬೇಡ, ಮನೆ ರಿಪೇರಿ ಇದೆ” ಅನ್ನುತ್ತಾರೆ, ಆಮೇಲೆ ಕೂಟಕ್ಕೇ ಬರುವುದಿಲ್ಲ. ಟೀ ಮಾತ್ರ ಎಂಬ ನಿಯಮ ಮೊದಲ ದಿನವೇ ಇರಬೇಕು, ಉಳ್ಳವರ ಮನೆಯಲ್ಲೇ ಅದನ್ನು ಮೊದಲು ಪಾಲಿಸಬೇಕು.

ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿ ಶುರುವಾಗುತ್ತದೆ. ಅದಕ್ಕೆ ಮುಂಚಿನ ಭಾನುವಾರ ಇನ್ನೊಂದು ಕೆಲಸ: ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಕೊಟ್ಟ ಗರಿಗಳನ್ನು ಮನೆಮನೆಯಿಂದ ತರಿಸಿ ಬೂದಿ ಮಾಡುವುದು. ತೆಂಗಿನ ಗರಿಯಾದರೆ ಕಡ್ಡಿ ತೆಗೆದುಬಿಡಿ, ಅದು ಅರೆಬೆಂದು ಇದ್ದಿಲಾಗಿ ಉಳಿಯುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಸುಟ್ಟು, ಪೂರ್ತಿ ಆರಿದ ಮೇಲೆ ಅರೆದು, ತೆಳು ಬಟ್ಟೆಯಲ್ಲಿ ಸೋಸಬೇಕು. ಒಂದು ಗೋಣಿ ಗರಿಗೆ ಸಿಗುವುದು ಒಂದೆರಡು ಹಿಡಿ. ಹಣೆಗೆ ಅಂಟಲಿ ಅಂತ ನೀರು ಹಾಕಿ ಕಲಸಬೇಡಿ, ಬೂದಿಯ ನೀರು ಕ್ಷಾರ, ಚರ್ಮ ಸುಡುತ್ತದೆ.

ಭಾನುವಾರ ಮಧ್ಯಾಹ್ನ ಉಳಿಯುವುದು ಬಟ್ಟೆ. ಪಾನಪಾತ್ರೆ ಒರೆಸಿದ ಚೌಕ, ಪೀಠದ ಮೇಲೆ ಹಾಸಿದ ಕಾರ್ಪೊರಲ್ ಎರಡನ್ನೂ ಬೇರೆ ಬಟ್ಟೆಯ ಜೊತೆ ಬಕೆಟ್ಟಿಗೆ ಹಾಕುವಂತಿಲ್ಲ. ಮೊದಲು ಬರಿ ನೀರಿನಲ್ಲಿ ನೆನೆಸಿ ಅಲುಬಿ, ಪ್ರಸಾದದ ಕಣ ಇರಬಹುದಾದ ಆ ನೀರನ್ನು ಮೋರಿಗೆ ಬಿಡದೆ ಗಿಡದ ಬುಡಕ್ಕೆ ಸುರಿಯಬೇಕು. ಆಮೇಲೆ ಸೋಪು. ನೀಲಿ ಹೆಚ್ಚು ಹಾಕಬೇಡಿ. ಕಾರ್ಪೊರಲನ್ನು ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮಡಚಿದರೆ ಒಂಬತ್ತು ಚೌಕ ಬರುತ್ತದೆ, ಮಡಿಕೆ ಒಳಮುಖವಾಗಿರಬೇಕು, ಬಿದ್ದ ಪ್ರಸಾದದ ಚೂರು ಹೊರಗೆ ಉದುರದಂತೆ. ಇಸ್ತ್ರಿ ಸ್ವಲ್ಪ ತೇವ ಇರುವಾಗಲೇ. ಮಳೆಗಾಲದಲ್ಲಿ ಒಂದೇ ವಾರಕ್ಕೆ ಒಣಗುವುದಿಲ್ಲ, ಮೂರು ಜೊತೆಯಾದರೂ ಇಟ್ಟುಕೊಂಡಿರಿ.